ಎಂಟು ದಿನದ ದಾರಿ

ಬೆನ್ನುಚೀಲದ ಪಟ್ಟಿ ನಾಲ್ಕು ಬೆರಳು ಗಿಡ್ಡವಾಗಿತ್ತು.

ಅತ್ತೆಯ ಒದ್ದೆ ಚಾದರ ಹಿಡಿದು ಹೊಲಿಗೆ ಯಂತ್ರದ ಪಕ್ಕ ಹಾದುಹೋಗುವಾಗ ಅವಳು ಅದನ್ನು ಕಂಡಳು. ಎರಡೂ ಪಟ್ಟಿಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯಲಾಗಿತ್ತು. ಗಂಡ ದರ್ಜಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಳತೆ ತಪ್ಪಿದವನಲ್ಲ. ಈ ಪಟ್ಟಿ ಅವನ ಅಗಲ ಭುಜಕ್ಕೆ ಕೂರುವಂಥದ್ದಲ್ಲ. ಯಾವುದೋ ಹೆಂಗಸಿನ ಭುಜದ್ದು.

ಔಷಧಿ ಅಂಗಡಿಯವಳು ನೆನಪಾದಳು. ಒಂದು ತಿಂಗಳಿಂದ ಗಂಡ ಅಲ್ಲಿ ಗಂಟೆಗಟ್ಟಲೆ ನಿಂತು ಮಾತಾಡುವುದನ್ನು ಅವಳೇ ನೋಡಿದ್ದಳು. ಸಣಕಲು ಮೈಯವಳು.

ಚಾದರ ನೆನೆಹಾಕಿ ಗೋಡೆಗೆ ಒರಗಿದಳು. ಜಗಳಕ್ಕೂ ತ್ರಾಣ ಬೇಕಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷದಿಂದ ಎತ್ತಿ ಕೂರಿಸಿ, ಹೊರಳಿಸಿ, ಮೀಯಿಸಿ ಮೈ ಸೋತುಹೋಗಿತ್ತು.

ಗಂಡನಿಗೆ ಮಾತ್ರ ಬೆಟ್ಟದ ಹುಚ್ಚು. ಎಂಟು ದಿನ, ದಟ್ಟ ಕಾಡು, ಏಳು ಬೆಟ್ಟ. ಊಟದ ಮೇಜಿನ ಮೇಲೆ ಸದಾ ನಕ್ಷೆ. ಬೆಳಗಾದರೆ ನಲವತ್ತು ಕಿಲೋ ಮರಳಿನ ಮೂಟೆಯನ್ನು ಎರಡೂ ತೋಳಲ್ಲಿ ಎತ್ತುವುದು, ಇಳಿಸುವುದು. ಚಾರಣಕ್ಕೆ ಹೊರಟವರು ಬೆನ್ನ ಮೇಲಲ್ಲವೇ ಹೊರುವುದು? ಕೇಳಲೂ ಅವಳಿಗೆ ಬೇಸರ.

ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟವನೇ ನಕ್ಷೆಯ ಮುಂದೆ ಕುಳಿತ.

“ಮೂರನೇ ದಿನ ಇಪ್ಪತ್ತೆರಡು ಕಿಲೋಮೀಟರ್ ಆಗುತ್ತಾ?”

“ಆಗಲ್ಲ. ಆ ಕಣಿವೆ ಇಳಿದ್ಮೇಲೆ ಮಂಡಿ ನಮ್ಮ ಮಾತು ಕೇಳಲ್ಲ. ಹದಿನಾಲ್ಕು ಸಾಕು.”

ಮದುವೆಗೆ ಮುಂಚೆ ಅವಳು ಆ ದಾರಿಯಲ್ಲಿ ನಾಲ್ಕು ದಿನ ನಡೆದಿದ್ದಳು. ಅಪ್ಪನಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಅರ್ಧಕ್ಕೇ ಹಿಂತಿರುಗಿದ್ದಳು.

ಅವನು ಅಂಕಿ ತಿದ್ದಿದ. “ಅಮ್ಮನ ಸಂಜೆ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?”

“ನಾಲ್ಕು ವರ್ಷದಿಂದ ಕೊಡ್ತಿದ್ದೀನಿ. ನೀವಿಲ್ಲ ಅಂತ ಮರೆಯಲ್ಲ.”

“ಗೊತ್ತು. ಆದ್ರೂ ಹೇಳು.”

ಹೇಳಿದಳು. ಅವನು ಬರೆದುಕೊಂಡ. ತನ್ನ ಮೇಲೆ ಅಷ್ಟೂ ನಂಬಿಕೆಯಿಲ್ಲ ಎಂದುಕೊಂಡಳು.

“ಗುಂಪಲ್ಲಿ ಎಷ್ಟು ಜನ?”

“ಒಂಬತ್ತು.”

“ಹೆಂಗಸರೂ ಇದ್ದಾರಾ?”

“ಎಲ್ಲಾ ಹೆಂಗಸರೇ.”

ತಲೆ ಎತ್ತದೆ, ಬಟ್ಟೆಯ ಬಣ್ಣ ಹೇಳುವಷ್ಟು ಸಲೀಸಾಗಿ ಹೇಳಿದ. ಎದುರು ಕುಳಿತಿದ್ದ ಅವಳು ನಕ್ಷೆಯನ್ನು ಆಚೆ ಸರಿಸಿದಳು.

“ಸ್ವಲ್ಪನಾದ್ರೂ ನಾಚಿಕೆ ಬೇಡ್ವೇನ್ರೀ? ಎಂಟು ದಿನ ನಾನು ಇಲ್ಲಿ ಒಬ್ಬಳೇ ಅತ್ತೇನ...”

ಒಳಗಿಂದ ಅತ್ತೆ ಕರೆದರು. ಮಾತು ಅಲ್ಲಿಗೇ ಬಿಟ್ಟು, ಮೇಜಿಗೆ ಕೈಯೂರಿ ಏಳಹೋದಳು. ಅಭ್ಯಾಸಬಲ. ಅವನು ಅವಳ ಭುಜ ಒತ್ತಿ ಕೂರಿಸಿ ತಾನೇ ಒಳಗೆ ಹೋದ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ತಾಯಿಯ ಕೈಗಳನ್ನು ತನ್ನ ಕೊರಳಿಗೆ ಸುತ್ತಿಕೊಂಡ, ಮಂಡಿ ಬಾಗಿಸಿದ, ಒಂದಿಷ್ಟೂ ಕುಲುಕದಂತೆ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಇಷ್ಟು ವರ್ಷದಲ್ಲಿ ಅವನು ಆ ಕೆಲಸ ಮಾಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಸೋಮವಾರ ಬೆಳಗ್ಗೆ ಆರಕ್ಕೆ,” ಅಲ್ಲಿಂದಲೇ ಹೇಳಿದ, “ನಿನ್ನ ಬಸ್ಸು.”