ಆರ್ಗೆಮಿರ್‌ನ ಕೂದಲು

"ಕತ್ತರಿ ಹೊರಗಿಟ್ಟು ಒಳಗೆ ಬನ್ನಿ," ಎಂದಳು ರಿಕಿಲ್ಡಾ, ಬಾಗಿಲಿಗೆ ಅಡ್ಡ ನಿಂತು.

ಪಾದ್ರಿ ಸಾಲ್ವಿಯೊ ಕತ್ತರಿಯನ್ನು ಹೊಸ್ತಿಲಾಚೆ ಇಟ್ಟ. "ತಾಯಿ, ನಿಮ್ಮ ಮಗ ಕಣ್ಣು ಬಿಡದೆ ಮೂರು ದಿನ ಆಯ್ತು. ಪ್ರಾಯಶ್ಚಿತ್ತ ಆಗದೆ ಹೋದ್ರೆ ಆ ಜೀವ ನರಕಕ್ಕೇ."

"ಆದ್ಮೇಲೆ ಬದುಕಿಬಿಟ್ರೆ?"

ಅದಕ್ಕೆ ಉತ್ತರ ರಾಜಧಾನಿ ಟೊಲೆಡೊದಲ್ಲಿ ಕೂಸಿಗೂ ಗೊತ್ತು. ಸಾಯುವವನ ತಲೆ ಬೋಳಿಸಿ ಸನ್ಯಾಸಿಯ ಬಟ್ಟೆ ಹೊದಿಸಿದರೆ ಪಾಪ ಕಳೆಯುತ್ತದೆ. ಅವನು ಅಕಸ್ಮಾತ್ ಎದ್ದು ಕುಳಿತರೂ ಸನ್ಯಾಸಿಯೇ, ಸಿಂಹಾಸನ ಏರುವಂತಿಲ್ಲ.

ಸಿಂಹಾಸನವೋ ಖಾಲಿ. ಕಡಲು ದಾಟಿ ಬಂದ ದಂಡು ದಕ್ಷಿಣದಲ್ಲಿ ರಾಜನನ್ನು ಕೊಂದು, ಈಗ ನಾಲ್ಕು ದಿನದ ದಾರಿಯಲ್ಲಿತ್ತು. ಊರೊಳಗೆ ಎರಡು ಬಣ. ರಿಕಿಲ್ಡಾಳ ಹಿರಿಮಗ ಒಂದರಲ್ಲಿ, ಎರಡನೆಯವನು ಇನ್ನೊಂದರಲ್ಲಿ. ಒಬ್ಬರ ಕತ್ತಿಗೆ ಒಬ್ಬರು ಬಿದ್ದರು. ಎರಡೂ ಹೆಣಗಳನ್ನು ಮನೆಗೆ ಹೊತ್ತು ತಂದವನು ಕಿರಿಯ ಮಗ ಆರ್ಗೆಮಿರ್. ಕಚ್ಚಾಡುತ್ತಿದ್ದವರು ಕೊನೆಗೂ ಒಪ್ಪಿದ ಹೆಸರು ಅವನದೊಂದೇ. ಒಪ್ಪಿದ ಮರುದಿನವೇ ಅವನು ಕುದುರೆಯಿಂದ ಬಿದ್ದ. ಹಣೆಬರಹ ನೋಡಿ!

ಗಾಯ ಕಾಣಲಿಲ್ಲ, ಪೆಟ್ಟು ಒಳಗೇ ಆಗಿರಬೇಕು ಎಂದುಕೊಂಡಳು. ಹಣೆ ಮುಟ್ಟಿದರೆ ತಣ್ಣಗಿತ್ತು. ಸಾವು ಹತ್ತಿರ ಬಂತೆಂದು ಹೆದರಿದಳು. ಗೂಡಿನಲ್ಲಿಟ್ಟ ರೊಟ್ಟಿ ದಿನವೂ ಮಾಯವಾಗುತ್ತಿತ್ತು, ಇಲಿಗಳನ್ನು ಶಪಿಸಿದಳು. ಜೊತೆಗೆ ಕೂರಲು ಒಬ್ಬರೂ ಬರಲಿಲ್ಲ. ಎರಡೂ ಬಣಗಳಿಗೆ ಅವಳು ಶತ್ರುವಿನ ತಾಯಿ. ಅಷ್ಟು ದೊಡ್ಡ ಮನೆಯಲ್ಲಿ ಅವಳಿಗೆ ಅಳುವುದಕ್ಕೂ ಜೊತೆಯಿರಲಿಲ್ಲ.

"ನೀವು ಯಾವ ಬಣದೋರು, ಸ್ವಾಮಿ?" ಎಂದು ಕೇಳಿದಳು.

"ಸಾಯೋರ ಬಣ, ತಾಯಿ."

ಅಷ್ಟರಲ್ಲಿ ಮಗನ ಉಸಿರು ಗೊರಗೊರ ಎಂದಿತು. ಆಮೇಲೆ ನಿಂತೇ ಹೋದಂತಾಯಿತು.

ಇಬ್ಬರು ಮಕ್ಕಳು ಪ್ರಾಯಶ್ಚಿತ್ತವಿಲ್ಲದೆ ಹೋಗಿದ್ದರು. ಮೂರನೆಯವನನ್ನೂ ಹಾಗೆ ಕಳಿಸಲು ಅವಳ ಎದೆ ಒಪ್ಪಲಿಲ್ಲ. "ಊರು ಹಾಳಾದ್ರೆ ಆಗ್ಲಿ," ಎಂದು ಅಳುತ್ತ, ಹೊಸ್ತಿಲಾಚೆಯಿಂದ ತಾನೇ ಕತ್ತರಿ ತಂದುಕೊಟ್ಟಳು.

ಉದ್ದನೆಯ ಕೂದಲು ನೆಲಕ್ಕೆ ಬಿತ್ತು. ಒರಟು ಬಟ್ಟೆ ಹೊದಿಸಿದ್ದಾಯಿತು. ಪಾದ್ರಿ ಹೋದ. ಸುದ್ದಿ ಬೀದಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಸಂಜೆಯೊಳಗೆ ಎರಡು ಬಣಗಳ ಗಾಡಿಗಳೂ ಬೇರೆ ಬೇರೆ ಬಾಗಿಲುಗಳಿಂದ ಊರು ಬಿಟ್ಟವು. ಕೋಟೆ ಕಾಯಲು ಯಾರೂ ಉಳಿಯಲಿಲ್ಲ. ರಿಕಿಲ್ಡಾ ಮಗನ ಕೈ ಹಿಡಿದು, ಅವನ ಕೊನೆಯುಸಿರಿಗೆ ಕಾಯುತ್ತ ಕುಳಿತಳು.

"ಎಲ್ರೂ ಹೋದ್ರಾ, ಅವ್ವಾ?" ಆರ್ಗೆಮಿರ್ ಒಂದೇ ಕಣ್ಣು ತೆರೆದು ಕೇಳಿದ. "ಸದ್ಯ! ಇನ್ನು ನನ್ನನ್ನ ಯಾರೂ ರಾಜ ಆಗು ಅನ್ನಲ್ಲ."