ಸಣ್ಣ ಗೇರು

ಅವ್ವ ತೀರಿಕೊಂಡ ಮೇಲೆ, ಸುಟ್ಟ ಗೇರ್ ಆಯಿಲ್ ವಾಸನೆ ಬಂದರೆ ನಾನು ಇದ್ದಲ್ಲೇ ನಿಂತುಬಿಡುತ್ತೇನೆ.

ನನ್ನ ಚಿಕ್ಕಂದಿನಲ್ಲಿ ಒಮ್ಮೆ, ದೇವಾಪುರದಲ್ಲಿ ಕೆಟ್ಟು ನಿಂತ, ನಾಲ್ಕೂ ಗಾಲಿ ಎಳೆಯುವ ನಮ್ಮ ಹಳೆಯ ಜೀಪನ್ನು ಅಪ್ಪ ಟ್ರ್ಯಾಕ್ಟರಿಗೆ ಕಟ್ಟಿದ. ಸ್ಟೇರಿಂಗ್ ಹಿಡಿಯಲು ಅವ್ವನನ್ನು ಕೂರಿಸಿದ. ನಾನು ಅವಳ ಪಕ್ಕದಲ್ಲಿದ್ದೆ.

"ಸಣ್ಣ ಗೇರೂ ನ್ಯೂಟ್ರಲ್ ಮಾಡ್ರಿ. ಎಳಿಯೂ ಮುಂಚೆ ಮಾಡ್ಬೇಕಂತ ಗ್ಯಾರೇಜಿನ ಮಿಸ್ತ್ರಿ ಹಿಂದ ಹೇಳಿದ್ನಲ್ರಿ," ಎಂದಳು ಅವ್ವ, ದೊಡ್ಡ ಗೇರಿನ ಪಕ್ಕದ ಗಿಡ್ಡ ಲಿವರ್ ತೋರಿಸಿ.

"ರೊಟ್ಟಿ ಬಡಿಯಾಕಿ ನನಗ ಗಾಡಿ ಕಲಿಸ್ತಿ ಏನ? ಬ್ರೇಕ್ ಅಷ್ಟ ತುಳಿ."

ಅವ್ವ ಶಹಾಪುರದವರೆಗೂ ಬಿಗಿ ಸ್ಟೇರಿಂಗ್ ಜಗ್ಗುತ್ತ, ಹಗ್ಗ ಸಡಿಲಾಗದಂತೆ ಆಗಾಗ ಬ್ರೇಕ್ ತುಳಿದಳು. ಗ್ಯಾರೇಜಿನ ಮುಂದೆ ಜೀಪಿನಡಿಯಿಂದ ಹೊಗೆ ಎದ್ದಿತ್ತು.

"ಸಣ್ಣ ಗೇರ್ ಬಿಡಿಸದನ ಎಳದೀರಿ. ಒಳಗೆಲ್ಲ ಸುಟ್ಟದ," ಎಂದ ಮಿಸ್ತ್ರಿ.

"ನಾ ಬಿಡಿಸಿದ್ದೆ, ಇಕಿ ಮತ್ತ ಮುಟ್ಟ್ಯಾಳ. ಹೆಂಗಸನ್ನ ಕುಂದ್ರಿಸಿದ್ದ ತಪ್ಪಾತು," ಎಂದ ಅಪ್ಪ. ನಿಂತವರೆಲ್ಲ ನಕ್ಕರು.

ನಾನು ಬಾಯಿ ತೆರೆದೆ. ಅವ್ವ ಬೊಬ್ಬೆ ಎದ್ದ ಅಂಗೈಯಿಂದ ನನ್ನ ಬಾಯಿ ಮುಚ್ಚಿ, "ಹೌದ್ರಿ, ನಾನೇ ಮುಟ್ಟೀನ್ರಿ," ಎಂದಳು.