ಸೇತುರಾಮನ ಕಡೆಯವರು

ಟಿವಿಯಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಮುಗಿದ ಕೂಡಲೇ ಗೆಳೆಯ ಸೇತುರಾಮನ ನಂಬರಿನಿಂದ ಫೋನ್ ಬಂತು. ಹದಿನೇಳು ವರ್ಷ ನಮ್ಮ ನಮ್ಮ ಮೆಚ್ಚಿನ ಡ್ರೈವರುಗಳ ಪರ ಜಗಳಕ್ಕೆಂದು ಹೀಗೇ ಬರುತ್ತಿದ್ದ ಫೋನ್. ಇವತ್ತು ಎತ್ತಲು ಕೈ ಹಿಂಜರಿಯಿತು.

ಮಾತಾಡಿದ್ದು ಅವನ ಹೆಂಡತಿ. "ಗುದ್ದಿದ್ದು ನಿಮ್ಮ ಡ್ರೈವರೇ. ತಿರುವಿನಲ್ಲಿ ಜಾಗ ಇಲ್ಲದಿದ್ದರೂ ನುಗ್ಗಿದ."

"ಇಲ್ಲ ಅತ್ತಿಗೆ, ನಿಮ್ಮವನೇ ಬೇಕೂಂತ ಅಡ್ಡ ಬಂದ. ಇಬ್ಬರ ಕಾರೂ ಹಾಳಾಯ್ತು."

"ಆಗಲಿ. ಇನ್ನು ನಾಲ್ಕೇ ರೇಸು. ನಮ್ಮವನು ಒಂಬತ್ತು ಪಾಯಿಂಟ್ ಮುಂದಿದ್ದಾನೆ, ಚಾಂಪಿಯನ್ ಅವನೇ."

"ಟಿವಿಯಲ್ಲಿ ರೇಸ್ ಹಾಕಿದರೆ ಎದ್ದು ಒಳಗೆ ಹೋಗ್ತಿದ್ದಿರಿ. ಇದನ್ನೆಲ್ಲ ಯಾವಾಗ ಕಲಿತಿರಿ?"

"ಅವರ ವೈಕುಂಠ ಸಮಾರಾಧನೆ ಮುಗಿದ ಮೇಲೆ" ಎಂದರು. "ನಿಮ್ಮ ಜೊತೆ ಜಗಳ ಆಡೋಕೆ ಅವರ ಕಡೆ ಯಾರಾದರೂ ಬೇಕಲ್ಲ."